ಸಮುದ್ರಕ್ಕೆ ಬಿದ್ದ ಬಾವಿಗಳು

ನೀರು ಪರೀಕ್ಷೆ ಮಾಡುವವಳಿಗೆ ಆ ಮಧ್ಯಾಹ್ನ ಕುರ್ಚಿಯಲ್ಲಿ ಕೂತಿರಲಾಗುತ್ತಿರಲಿಲ್ಲ. ಮೂರು ಗಂಟೆಗೆ ಸಾಹೇಬರ ಸಭೆ. ಒಂದೇ ಬೀದಿಯ ಏಳು ಬಾವಿಗಳ ನೀರು ಕೆಟ್ಟಿತ್ತು. ತೀರಾ ಕೆಟ್ಟಿರುವ ಒಂದನ್ನು ಮುಚ್ಚಿದರೆ ಸಾಕೆಂದು ಸಾಹೇಬರು. ಹಳೆಯ ಚರಂಡಿ ಒಳಗಿಂದೊಳಗೇ ಸೋರುತ್ತಿದೆ, ಅದರ ಪಕ್ಕದ ಬಾವಿಗಳೆಲ್ಲ ಒಂದೊಂದಾಗಿ ಕೆಡುತ್ತವೆ ಎಂದು ಇವಳು. "ಹಾಗಾದ್ರೆ ನಕ್ಷೆ ಮೇಲೆ ತೋರಿಸಿ" ಎಂದಿದ್ದರು.

ಇವಳಿಗೆ ಇನ್ನೊಂದು ಮುಳ್ಳೂ ಚುಚ್ಚುತ್ತಿತ್ತು. ತಂಗಿಯ ಮನೆ ಅದೇ ಬೀದಿಯ ಕೊನೆಯಲ್ಲಿ. ಭಾನುವಾರ ಹೋದಾಗ ತಂಗಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, "ಅಕ್ಕಾ, ನಮ್ಮ ಬಾವಿ ನೀರೂ ಒಂದ್ಸಲ ನೋಡ್ತೀಯಾ?" ಎಂದು ಕೇಳಿದ್ದಳು. ಇವಳು ಲೋಟವನ್ನು ಬೆಳಕಿಗೆ ಹಿಡಿದು, "ಕನ್ನಡಿ ಹಾಗಿದೆ, ಸುಮ್ಮನೆ ಕುಡಿ" ಎಂದು ಬಂದುಬಿಟ್ಟಿದ್ದಳು. ಕಣ್ಣಳತೆಯಲ್ಲಿ ನೀರನ್ನು ನಂಬಬೇಡಿ ಎಂದು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದವಳು.

ನಕ್ಷೆ ಬಿಡಿಸುವ ಸಿದ್ಧ ಪ್ರೋಗ್ರಾಮುಗಳ ಕಟ್ಟು, ಅದಕ್ಕೆ ಲೈಬ್ರರಿ ಅಂತಾರೆ, ಅದು ಮಾತ್ರ ಕಂಪ್ಯೂಟರ್‌ಗೆ ಇಳಿಯಲೊಲ್ಲದು. ಅದಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಹಳೆಯ ಆವೃತ್ತಿಯೇ ಬೇಕು; ಇಲ್ಲಿರುವುದು ಹೊಸದು. ನಾಲ್ಕನೆಯ ಸಲವೂ ತೆರೆಯ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು. ತಂದಿಟ್ಟ ಚಹಾ ಕೆನೆಗಟ್ಟಿತು. ಹೊಸದನ್ನೇ ಕಿತ್ತುಹಾಕೋಣವೆಂದು ಕೈ ಮುಂದೆ ಹೋದಾಗ ಪಕ್ಕದ ಮೇಜಿನ ವರದಿಯವಳು ಕನ್ನಡಕದ ಮೇಲಿಂದ ನೋಡಿದಳು.

"ಅದನ್ನ ತೆಗೆದ್ರೆ ನನ್ನ ವರದಿಗಳು ಅಚ್ಚಾಗೋದು ಹೇಗೆ? ಅವು ನಡೆಯೋದೂ ಇದೇ ಕಂಪ್ಯೂಟರಲ್ಲಿ, ಹೊಸದರ ಮೇಲೆ."

"ನನಗೆ ಹಳೇದು ಬೇಕಲ್ಲಾ."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮ ಆಫೀಸಿಗೆ ಇಬ್ಬರೂ ಒಂದೇ ಕಾಲಕ್ಕೆ ಬೇಕು. ಬೇರೆ ಒಲೆ ಹಾಕಿಕೊಡು, ಜಗಳ ಯಾಕೆ?"

ಅವಳು ತಮಾಷೆಗೆ ಅಂದದ್ದು. ಆದರೆ ಅಂಥದ್ದೊಂದು ದಾರಿಯ ಬಗ್ಗೆ ಇವಳು ತರಬೇತಿಯಲ್ಲಿ ಬರೆದುಕೊಂಡಿದ್ದಳು. ಹಳೆಯ ನೋಟುಪುಸ್ತಕ ಹುಡುಕಿ, ಹೊಸದನ್ನು ಮುಟ್ಟದೆ, ಹಳೆಯ ಆವೃತ್ತಿಗೇ ಒಂದು ಪ್ರತ್ಯೇಕ ಜಾಗ ಮಾಡಿಕೊಟ್ಟಳು. ಲೈಬ್ರರಿ ಅದರೊಳಗೆ ತಕರಾರಿಲ್ಲದೆ ಕೂತಿತು. ಎರಡೂವರೆ.

ನಕ್ಷೆ ತೆರೆಯಿತು. ಏಳು ಚುಕ್ಕೆಗಳೂ ನಡುಸಮುದ್ರದಲ್ಲಿದ್ದವು.

ವರದಿಯವಳು ಬಗ್ಗಿ ನೋಡಿ, "ಉಪ್ಪುನೀರಿನ ಬಾವಿಗಳಾ?" ಎಂದಳು.

ಇವಳಿಗೆ ನಗು ಬರಲಿಲ್ಲ. ತನ್ನ ಪಟ್ಟಿಯಲ್ಲಿ ಯಾವಾಗಲೂ ಅಕ್ಷಾಂಶ ಮೊದಲು. ಲೈಬ್ರರಿ ಕೇಳುವುದು ರೇಖಾಂಶ ಮೊದಲು. ಎರಡನ್ನೂ ಅದಲುಬದಲು ಮಾಡಿದಳು.

ಚುಕ್ಕೆಗಳು ದಡಕ್ಕೆ ಬಂದವು. ನಕ್ಷೆಯಲ್ಲಿದ್ದ ಹಳೆಯ ಚರಂಡಿಯ ಗೆರೆಯ ಪಕ್ಕದಲ್ಲೇ, ದಾರಕ್ಕೆ ಪೋಣಿಸಿದ ಹಾಗೆ, ಏಳೂ ಒಂದೇ ಸಾಲು. ತಾನು ಹೇಳಿದ್ದೇ ನಿಜವಾಗಿತ್ತು. ಏಳನೆಯದರ ಆಚೆ ಚರಂಡಿ ಎಡಕ್ಕೆ ತಿರುಗಿ ಒಂದು ಮನೆಯ ಹಿತ್ತಲನ್ನು ಸವರಿಕೊಂಡು ಹೋಗಿತ್ತು. ಅದು ತಂಗಿಯ ಮನೆ.

ಸಭೆಗೆ ಇನ್ನೂ ಹತ್ತು ನಿಮಿಷವಿತ್ತು. ನಕ್ಷೆಯನ್ನು ಅಚ್ಚಿಗೆ ಕೊಟ್ಟು ತಂಗಿಗೆ ಫೋನು ಮಾಡಿದಳು.

"ಬಾವಿ ನೀರು ಇವತ್ತಿಂದ ಕುಡೀಬೇಡ. ಕೂಸಿಗಂತೂ ಹನಿಯೂ ಬೇಡ. ಸಭೆ ಮುಗಿದ ಕೂಡಲೇ ಪರೀಕ್ಷೆಗೆ ನೀರು ತುಂಬಿಕೊಳ್ಳೋಕೆ ಬಾಟಲಿ ತಗೊಂಡು ಬರ್ತೀನಿ."

"ಕನ್ನಡಿ ಹಾಗಿದೆ ಅಂದಿದ್ದು ನೀನೇ ಅಲ್ವಾ?"

"ನಾನೇ. ಪರೀಕ್ಷೆ ಮಾಡದೇ ಅಂದೆ."

ಅಚ್ಚಾದ ನಕ್ಷೆ ಇನ್ನೂ ಬೆಚ್ಚಗಿತ್ತು. ತಂಗಿಯ ಹಿತ್ತಲಿರುವಲ್ಲಿ ಪೆನ್ನಿನಿಂದ ಎಂಟನೆಯ ಚುಕ್ಕೆ ಇಟ್ಟು, ಪಕ್ಕದಲ್ಲಿ 'ಪರೀಕ್ಷಿಸಿಲ್ಲ' ಎಂದು ಬರೆದು, ಸಾಹೇಬರ ಕೋಣೆಯ ಬಾಗಿಲು ತಳ್ಳಿದಳು.