ಓದಿ ಹೇಳಿ ಕೇಳಲಾಗಿ

ಟೈಪಮ್ಮನ ಬೆರಳುಗಳು ಅವರ ತಲೆಯ ಅಪ್ಪಣೆಗೆ ಕಾಯುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ, ಆರೋಪಿಗಳ ಹೇಳಿಕೆ ಟೈಪ್ ಮಾಡಿ ನಿವೃತ್ತರಾದವರು. ಅಲ್ಲಿ ಬಿದ್ದ ಹೆಸರೇ ಟೈಪಮ್ಮ. ಹೆತ್ತವರು ಇಟ್ಟ ಹೆಸರು ಪೆನ್ಷನ್ ಕಾಗದದಲ್ಲಿ ಮಾತ್ರ ಉಳಿದಿತ್ತು. ಮನೆಯಲ್ಲಿ ಕೂತು ಸೊಸೆಯ ಅಡುಗೆಯಲ್ಲಿ ಹುಳುಕು ಹುಡುಕುತ್ತಾ ಇದ್ದ ಸ್ನೇಹವನ್ನೂ ಕೆಡಿಸಿಕೊಳ್ಳುವುದಕ್ಕಿಂತ ಹೊರಗೆ ದುಡಿಯುವುದೇ ವಾಸಿ ಎಂದು ಅವರು ವಿಶ್ವವಿದ್ಯಾಲಯದ ಪ್ರೊಫೆಸರ್ ಮೇಡಂ ಹತ್ತಿರ ಸೇರಿಕೊಂಡಿದ್ದರು.

ಮೇಡಂ ಮಾಡುತ್ತಿದ್ದದ್ದು ಹರೆಯದವರ ಬಗ್ಗೆ ಒಂದು ಅಧ್ಯಯನ. ಹದಿನಾರರಿಂದ ಇಪ್ಪತ್ತು ವಯಸ್ಸಿನವರ ನಡುವೆ ಮೇಲು ಕೀಳು ಹೇಗೆ ಹುಟ್ಟುತ್ತದೆ, ಅದು ಯಾವಾಗ ಹೊಡೆದಾಟಕ್ಕೆ ತಿರುಗುತ್ತದೆ, ನ್ಯಾಯ ಅಂದರೆ ಅವರ ಪ್ರಕಾರ ಏನು ಎನ್ನುವುದು ವಿಷಯ. ಇದಕ್ಕಾಗಿ ಒಂದು ತಾಂತ್ರಿಕ ತರಬೇತಿ ಕೇಂದ್ರದ ನಲವತ್ನಾಲ್ಕು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಮಾತಾಡಿಸಿ, ಎಲ್ಲವನ್ನೂ ರೆಕಾರ್ಡ್ ಮಾಡಿ ತಂದಿದ್ದರು. ಹೆಸರು ಇಲ್ಲ, ನಂಬರು ಮಾತ್ರ. ಟೈಪಮ್ಮ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೇಳಿದ್ದನ್ನು ಕೇಳಿದ ಹಾಗೆಯೇ ಟೈಪ್ ಮಾಡುತ್ತಿದ್ದರು. ಬೈಗುಳ ಬಂದರೆ ಬೈಗುಳ, ಅಳು ಬಂದರೆ ಅಳು. ಕೋರ್ಟಿನಲ್ಲಿ ಎಂಥೆಂಥದೋ ಕೇಳಿದ ಕಿವಿಗೆ ಇದೇನು ಹೊಸದಲ್ಲ ಎಂದು ಅವರು ಅಂದುಕೊಂಡಿದ್ದರು. ಆದರೆ ಕೆಲವು ದಿನ ಮಧ್ಯಾಹ್ನದ ಬುತ್ತಿ ಹಾಗೇ ವಾಪಸ್ಸು ಹೋಗುತ್ತಿತ್ತು.

ವರದಿ ಒಪ್ಪಿಸಲು ಹನ್ನೊಂದು ದಿನ ಉಳಿದಿದ್ದಾಗ ಮೇಡಂ ಕಂಪ್ಯೂಟರ್ ಪರದೆಗೆ ಮೂಗು ತಾಗಿಸಿಕೊಂಡು ಕೂತವರು ತಟ್ಟನೆ ಹಿಂದಕ್ಕೆ ಸರಿದರು.

"ಟೈಪಮ್ಮ, ಇಲ್ಲಿ ಬನ್ನಿ. ಇದನ್ನ ಯಾರು ಯಾರಿಗೆ ಓದಿ ಹೇಳಿದ್ದು?"

ಟೈಪಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. ಹುಡುಗನೊಬ್ಬನ ಮಾತು ಮುಗಿದ ಕೆಳಗೆ ಒಂದು ಸಾಲು ಜಾಗ ಬಿಟ್ಟು, "ಓದಿ ಹೇಳಿ ಕೇಳಲಾಗಿ ಸರಿ ಇರುತ್ತದೆ" ಎಂದಿತ್ತು. ಕೋರ್ಟಿನ ಹೇಳಿಕೆಗಳ ಕೊನೆಯಲ್ಲಿ ಬರುವ ಸಾಲು. ಹೇಳಿಕೆ ಕೊಟ್ಟವರಿಗೆ ಅದನ್ನು ಓದಿ ಹೇಳಿದ್ದೇವೆ, ಅವರು ಒಪ್ಪಿದ್ದಾರೆ ಎಂದು ಅದರ ಅರ್ಥ. ಮೇಡಂ ಮುಂದಿನ ಕಡತ ತೆರೆದರು. ಅಲ್ಲೂ ಇತ್ತು. ಅದರ ಮುಂದಿನದರಲ್ಲೂ ಇತ್ತು. ನಲವತ್ನಾಲ್ಕಕ್ಕೆ ನಲವತ್ನಾಲ್ಕರಲ್ಲೂ ಇತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಟೈಪಮ್ಮನದು ಹುಟ್ಟುಗುಣವೂ ಅಲ್ಲ, ಸಂಬಳಕ್ಕೆ ಕಲಿತ ಗುಣ. ಅದು ಇನ್ನೂ ಗಟ್ಟಿ.

ಮೇಡಂ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಂತಿತು. ಇದು ಪರಿಶೀಲನಾ ಸಮಿತಿಯ ಕಣ್ಣಿಗೆ ಬಿದ್ದರೆ ಸುಳ್ಳು ದಾಖಲೆ ಎನಿಸಿಕೊಳ್ಳುತ್ತದೆ, ಏಕೆಂದರೆ ಯಾರೂ ಯಾರಿಗೂ ಓದಿ ಹೇಳಿರಲಿಲ್ಲ. ಅಳಿಸುವುದಕ್ಕೆ ಒಂದು ನಿಮಿಷ ಸಾಕು ಎನ್ನುತ್ತಾ ಮೇಡಂ ಕೀಲಿಮಣೆಗೆ ಕೈ ಇಟ್ಟರು.

"ಬೇಡಿ ಮೇಡಂ. ಅಳಿಸಬೇಡಿ."

ತಪ್ಪು ಮಾಡಿದವರು ಸುಮ್ಮನಿರುವುದು ಲೋಕರೂಢಿ. ಈ ಹೆಂಗಸು ತಪ್ಪನ್ನು ಅಪ್ಪಿಕೊಂಡು ಕೂತದ್ದು ನೋಡಿ ಮೇಡಂಗೆ ಗೊಂದಲವಾಯಿತು. ಟೈಪಮ್ಮ ಕುರ್ಚಿ ಎಳೆದುಕೊಂಡು ಕೂತು, ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದರು. ಆ ಸಾಲನ್ನು ಅವರು ಸಾವಿರಾರು ಸಲ ಟೈಪ್ ಮಾಡಿದ್ದರು. ನಿಜವಾಗಿ ಓದಿ ಹೇಳಿದ್ದು ಬೆರಳೆಣಿಕೆ. ಒಮ್ಮೆ ಹದಿನಾರರ ಹುಡುಗನೊಬ್ಬ ಸೈಕಲ್ ಕಳ್ಳತನದ ಕೇಸಿನಲ್ಲಿ ಸಹಿ ಹಾಕುವ ಮೊದಲು, ಏನು ಬರೆದಿದ್ದೀರಿ ಅಕ್ಕಾ ಎಂದು ಕೇಳಿದ್ದ. ಊಟದ ಹೊತ್ತು ಮೀರುತ್ತಿತ್ತು, ನೀನು ಹೇಳಿದ್ದೇ ಕಣೋ ಎಂದುಬಿಟ್ಟರು. ಸಂಜೆ ನಕಲು ಪ್ರತಿ ಜೋಡಿಸುವಾಗ ನೋಡಿದರೆ ಅವನ ಮಾತಿನ ಒಂದು ಸಾಲೇ ಬಿಟ್ಟುಹೋಗಿತ್ತು: ಅಣ್ಣ ತಂದ ಸೈಕಲ್ಲನ್ನು ತಾನು ವಾಪಸ್ಸು ಇಡಲು ಹೋಗುತ್ತಿದ್ದೆ ಎಂದು ಅವನು ಹೇಳಿದ ಸಾಲು. ಬಾಯಿಬಿಟ್ಟರೆ ಕೆಲಸ ಹೋದೀತೆಂದು ಟೈಪಮ್ಮ ಹೆದರಿ ಸುಮ್ಮನಾದರು. ಹುಡುಗ ಎರಡು ವರ್ಷ ಸುಧಾರಣಾ ಗೃಹದಲ್ಲಿದ್ದ.

"ಆ ಸಾಲು ಒಂದು ಸಲವಾದ್ರೂ ನಿಜ ಆಗ್ಲಿ ಮೇಡಂ. ನಾನೇ ಹೋಗಿ ಓದ್ತೀನಿ, ನಲವತ್ನಾಲ್ಕು ಜನಕ್ಕೂ."

ಹನ್ನೊಂದು ದಿನದಲ್ಲಿ ಇದಾಗುವ ಮಾತಲ್ಲ ಎಂದು ಮೇಡಂ ಲೆಕ್ಕ ಹಾಕಿ ತೋರಿಸಿದರು. ಟೈಪಮ್ಮ ತಲೆಯಾಡಿಸಿ ಎಲ್ಲವನ್ನೂ ಒಪ್ಪಿಕೊಂಡರು, ಮಾರನೆಯ ದಿನ ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟು ನಿಂತರು. ಮನೆಯಲ್ಲಿ ಈ ಸಂಗತಿ ತಿಳಿದಾಗ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸೊಸೆ ಬೆನ್ನು ತಟ್ಟಬಹುದು ಎಂದು ಅವರು ಆಸೆಪಟ್ಟಿದ್ದರು. ಸೊಸೆ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಾ, "ಅತ್ತೆ, ಒಂದು ಇಂಜೆಕ್ಷನ್ ಕೊಡೋಕ್ಕೆ ನಾವು ಎರಡು ಸಲ ಹೆಸರು ಕೇಳ್ತೀವಿ. ನೀವು ಇಷ್ಟು ವರ್ಷ ಕೇಳ್ಲೇ ಇಲ್ವಾ?" ಎಂದಳು. ಟೈಪಮ್ಮನಿಗೆ ಚುಚ್ಚಿತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ತರಬೇತಿ ಕೇಂದ್ರದವರು ಅವರಿಗೆ ಉಪಕರಣಗಳ ಉಗ್ರಾಣದಲ್ಲಿ ಒಂದು ಮೇಜು, ಮೂರು ಸ್ಟೂಲು ಕೊಟ್ಟರು. ಸುತ್ತ ಗ್ರೀಸಿನ ವಾಸನೆ, ಗೋಡೆಯ ಆಚೆ ಯಂತ್ರಗಳ ಗರಗರ. ಮೇಡಂ ಗೊಣಗುತ್ತಲೇ ಜೊತೆಗೆ ಬಂದಿದ್ದರು. ಒಬ್ಬೊಬ್ಬರಾಗಿ ಬಂದು ಕೂತರು. ಟೈಪಮ್ಮ ಅವರವರ ಮಾತನ್ನು ಅವರವರಿಗೇ ಓದಿ ಹೇಳಿದರು. ಒಬ್ಬ ಹುಡುಗ ತನ್ನ ಬೈಗುಳಗಳು ಅಜ್ಜಿಯ ವಯಸ್ಸಿನವರ ಬಾಯಲ್ಲಿ ಬಂದದ್ದಕ್ಕೆ ಕಿವಿ ಕೆಂಪು ಮಾಡಿಕೊಂಡು, ಅವನ್ನು ತೆಗೆದುಬಿಡಿ ಎಂದು ಬೇಡಿಕೊಂಡ. ಇನ್ನೊಬ್ಬ, ಏಟು ತಿಂದದ್ದು ಗೆಳೆಯನಲ್ಲ, ತಾನೇ ಎಂದು ತಿದ್ದಿಸಿದ. ಮೂರನೆಯ ದಿನದ ಹೊತ್ತಿಗೆ ಮೇಡಂ ಗೊಣಗುವುದನ್ನು ಬಿಟ್ಟು ಸರಸರನೆ ಬರೆದುಕೊಳ್ಳತೊಡಗಿದ್ದರು. ತಮ್ಮ ಅಧ್ಯಯನದಲ್ಲಿ ಅರ್ಧ ಸತ್ಯ ಬಂದಿತ್ತು, ಇನ್ನರ್ಧ ಈಗ ಬರುತ್ತಿದೆ ಎಂದು ಅವರೇ ಒಪ್ಪಿಕೊಂಡರು.

ನಾಲ್ಕನೆಯ ದಿನ ಮೂವತ್ತೊಂದನೇ ನಂಬರಿನ ಹುಡುಗಿ ಬಂದಳು. ಹದಿನೆಂಟರ, ಸಪೂರ ಮೈಯ ಹುಡುಗಿ. ಬೂದು ಬಣ್ಣದ ಅಂಗಿ. ಆ ಕೇಂದ್ರದಲ್ಲಿ ಶುಲ್ಕ ಕಟ್ಟಿದವರಿಗೆ ನೀಲಿ ಅಂಗಿ, ಉಚಿತ ಸೀಟಿನವರಿಗೆ ಬೂದು. ಬೂದು ಅಂಗಿಯವರ ಪಾಲಿಗೆ ಹಳೆಯ ಯಂತ್ರಗಳು, ಅವನ್ನು ಒರೆಸುವ ಕೆಲಸ, ಮೇಲಿಂದ ನೀಲಿ ಅಂಗಿಯ ಹಿರಿಯ ವಿದ್ಯಾರ್ಥಿಗಳ ದರ್ಬಾರು. ಈ ಹುಡುಗಿಗೆ ಎಲ್ಲರೂ ಇಟ್ಟ ಹೆಸರು 'ಸ್ಪ್ಯಾನರ್'. ಮೂರು ತಿಂಗಳ ಹಿಂದೆ ಒಬ್ಬ ಸೀನಿಯರ್ ಮೇಲೆ ಸ್ಪ್ಯಾನರ್ ಎಸೆದು ಅವನ ಹಣೆಗೆ ಮೂರು ಹೊಲಿಗೆ ಬೀಳಿಸಿದ್ದಳು. ಅದರ ಶಿಸ್ತು ವಿಚಾರಣೆ ಮರುದಿನ ಮುಗಿಯುವುದಿತ್ತು. ಸೀಟು ಹೋಗುವುದು ಖಂಡಿತ ಎಂದು ಬಾಗಿಲು ಕಾಯುವವನಿಗೂ ಗೊತ್ತಿತ್ತು.

ಟೈಪಮ್ಮ ಓದಿದರು. ಅವಳ ಗೆಳತಿ ಕಬ್ಬಿಣ ಕಡೆಯುವ ಲೇಥ್ ಯಂತ್ರದೊಳಗೆ ಕೈಹಾಕಿ ಕಬ್ಬಿಣದ ಚೂರು ತೆಗೆಯುತ್ತಿದ್ದಾಗ ಆ ಸೀನಿಯರ್ ತಮಾಷೆಗೆಂದು ಸ್ವಿಚ್ ಒತ್ತಿದ್ದ. ಗೆಳತಿಯ ತೋಳಿನ ಬಟ್ಟೆ ಸುತ್ತಿಕೊಂಡು ಹರಿದು ಚರ್ಮ ಕಿತ್ತಿತ್ತು. ಕೈ ಉಳಿದದ್ದೇ ಪುಣ್ಯ. ಅವನು ನಗುತ್ತಿದ್ದ. ಆಗ ಇವಳ ಕೈಗೆ ಸಿಕ್ಕಿದ್ದು ಸ್ಪ್ಯಾನರ್. ಹುಡುಗಿ ತನ್ನ ಮಾತನ್ನು ಬೇರೆ ಯಾರದೋ ಕಥೆಯ ಹಾಗೆ ಕೇಳುತ್ತಾ ಕೂತಿದ್ದಳು. ಕಣ್ಣಲ್ಲಿ ನೀರು ತುಂಬಿತು, ಅವಳು ಒರೆಸಿಕೊಳ್ಳಲಿಲ್ಲ.

"ಎಲ್ಲಾ ಹಾಗೇ ಬರೆದಿದ್ದೀರಿ," ಎಂದಳು. "ಅಲ್ಲೂ ಹೀಗೇ ಓದಿ ಹೇಳ್ತಾರಾ? ವಿಚಾರಣೇಲಿ?"

ವಿಚಾರಣೆಗೆ ಹೇಳಿಕೆ ಬರೆದುಕೊಂಡ ದಿನ ನಿನಗೆ ಓದಿ ಹೇಳಲಿಲ್ಲವೇ ಎಂದು ಟೈಪಮ್ಮ ಕೇಳಿದರು. ಇಲ್ಲ, ಗುಮಾಸ್ತರು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದೆ ಎಂದಳು. ಟೈಪಮ್ಮ ಮೇಡಂ ಮುಖ ನೋಡಿದರು. ಅಧ್ಯಯನ ಮಾಡುವವರು ತಮ್ಮೊಡನೆ ಮಾತಾಡಿದವರ ತಂಟೆಯಲ್ಲಿ ತಲೆಹಾಕಬಾರದು, ಕೇಳಿದ್ದನ್ನು ಹೊರಗೆ ಆಡಬಾರದು ಎಂಬುದು ನಿಯಮ. ಮೇಡಂ ಅದನ್ನು ಟೈಪಮ್ಮನಿಗೆ ಹತ್ತು ಸಲ ಹೇಳಿದ್ದರು. ಮೇಡಂ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ ಗೋಡೆಗೆ ತೂಗುಹಾಕಿದ್ದ ಕೇಂದ್ರದ ನಿಯಮ ಪುಸ್ತಕ ತಂದು, ಪುಟ ತಿರುವಿ ಹುಡುಗಿಯ ಮುಂದಿಟ್ಟರು. ಗೋಡೆ ಮೇಲೆ ಇರುವುದನ್ನು ಓದಲು ಯಾರ ಅಪ್ಪಣೆಯೂ ಬೇಡ ಎಂದರು. ಅಲ್ಲಿ ಬರೆದಿತ್ತು: ಹೇಳಿಕೆಯನ್ನು ಓದಿ ಹೇಳುವಂತೆ ವಿದ್ಯಾರ್ಥಿ ಕೇಳಬಹುದು, ಹಿರಿಯರೊಬ್ಬರನ್ನು ಜೊತೆಗೆ ಕರೆತರಬಹುದು.

ಹುಡುಗಿಯ ತಾಯಿಗೆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹಗಲು ಪಾಳಿ, ರಜೆ ಸಿಗುವಂತಿರಲಿಲ್ಲ. "ನೀವು ಬರ್ತೀರಾ ಅಮ್ಮ?" ಎಂದು ಹುಡುಗಿ ಕೇಳಿದಾಗ ಮೇಡಂ ಕಿಟಕಿಯ ಕಡೆ ತಿರುಗಿ, ನಾಳೆ ಟೈಪಮ್ಮನಿಗೆ ರಜೆ, ರಜೆಯಲ್ಲಿ ಅವರು ಎಲ್ಲಿ ಹೋಗುತ್ತಾರೋ ನನಗೇನು ಗೊತ್ತು ಎಂದು ಗಾಜಿಗೆ ಹೇಳಿದರು.

ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜಿನ ಹಿಂದೆ ಮೂವರಿದ್ದರು. ನಡುವೆ ಕೂತಿದ್ದವರು ಕೇಂದ್ರದ ಹಿರಿಯ ಮೇಷ್ಟ್ರು. ಗ್ರೀಸು ಉಗುರಿನ ಸಂದಿಗೆ ಇಳಿದು ಕಾಯಮ್ಮಾಗಿ ಉಳಿದಿದ್ದ ಕೈಗಳು. ಆ ಮೂವರಲ್ಲದೆ ಪಕ್ಕದ ಸಣ್ಣ ಮೇಜಿನಲ್ಲಿ ಕಡತದ ಗುಮಾಸ್ತ. ಟೈಪಮ್ಮ ಹಿಂದಿನ ಕುರ್ಚಿಯಲ್ಲಿ ಕೂತರು. ಜೊತೆ ಬಂದ ಹಿರಿಯರು ಮಾತಾಡುವಂತಿಲ್ಲ ಎಂದು ಗುಮಾಸ್ತ ಮೊದಲೇ ತಾಕೀತು ಮಾಡಿದ. ಮಾತಾಡದೆ ಕೂರುವುದರಲ್ಲಿ ಟೈಪಮ್ಮನಿಗೆ ಇಪ್ಪತ್ತೊಂಬತ್ತು ವರ್ಷದ ಅನುಭವವಿತ್ತು.

ಹೇಳಿಕೆ ಕೊಟ್ಟಾಗಿದೆ, ಬೇರೇನಾದರೂ ಹೇಳುವುದಿದೆಯೇ ಎಂದು ಮೇಷ್ಟ್ರು ಕೇಳಿದರು. ಹುಡುಗಿ ಎದ್ದು ನಿಂತು, ನನ್ನ ಹೇಳಿಕೆ ನನಗೆ ಓದಿ ಹೇಳಿ ಎಂದಳು. ಗುಮಾಸ್ತ ಇದೊಂದು ಹೊಸ ಕಾಟ ಎನ್ನುವಂತೆ ಮುಖ ಮಾಡಿಕೊಂಡು ಗಡಗಡನೆ ಓದಿದ. ಯಾವುದೇ ಕಾರಣವಿಲ್ಲದೆ, ಸಿಟ್ಟಿನ ಭರದಲ್ಲಿ, ಕೊಲ್ಲುವ ಉದ್ದೇಶದಿಂದ ಸ್ಪ್ಯಾನರ್ ಎಸೆದೆನು ಎಂದಿತ್ತು. ಲೇಥ್ ಇಲ್ಲ, ಸ್ವಿಚ್ ಇಲ್ಲ, ಗೆಳತಿಯ ಕೈಯ ಸುದ್ದಿಯೇ ಇಲ್ಲ.

"ಇದು ನನ್ನ ಮಾತಲ್ಲ ಸಾರ್."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು ಗುಮಾಸ್ತ. ಆ ದಿನ ಸೀನಿಯರ್ ಹೇಳಿದ್ದನ್ನೇ ಇಬ್ಬರ ಹೆಸರಿನಲ್ಲೂ ಬರೆದು ಕೆಲಸ ಮುಗಿಸಿದ್ದ. ಮೇಷ್ಟ್ರು ಕಡತ ತಮ್ಮ ಕಡೆ ಎಳೆದುಕೊಂಡು ಇಬ್ಬರ ಹೇಳಿಕೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಅವರ ಕಿವಿಯ ತುದಿ ಕೆಂಪಾಯಿತು. ಹೊಸ ಹಾಳೆ ತೆಗೆ ಎಂದರು. ಹುಡುಗಿ ಹೇಳಿದಳು, ಗುಮಾಸ್ತ ಬರೆದ, ಮುಗಿದ ಮೇಲೆ ಈ ಸಲ ನಿಧಾನವಾಗಿ ಓದಿದ. ಟೈಪಮ್ಮ ಉಸಿರು ಬಿಟ್ಟರು. ಒಂದು ಸಾಲೂ ಬಿಟ್ಟುಹೋಗಿರಲಿಲ್ಲ. ಇನ್ನು ಸಹಿ ಹಾಕಿದರೆ ಸೀಟು ಉಳಿಯಿತು.

ಹುಡುಗಿ ಪೆನ್ನು ತೆಗೆದುಕೊಂಡಳು, ಮತ್ತೆ ಮೇಜಿನ ಮೇಲಿಟ್ಟಳು.

"ಒಂದು ಬಿಟ್ಟಿದೆ. ಅವನ ಹಣೆಯಿಂದ ರಕ್ತ ಬಂದಾಗ ನಂಗೆ ಖುಷಿಯಾಯ್ತು ಸಾರ್. ಸ್ವಲ್ಪ ಹೊತ್ತು ತುಂಬಾ ಖುಷಿಯಾಯ್ತು. ಆಮೇಲೆ ನನ್ನ ಕಂಡ್ರೆ ನಂಗೇ ಹೆದರಿಕೆ ಆಯ್ತು. ಅದನ್ನೂ ಬರೀರಿ."

ಟೈಪಮ್ಮನಿಗೆ ಎದ್ದು ಹೋಗಿ ಆ ಹುಡುಗಿಯ ಬಾಯಿ ಮುಚ್ಚಬೇಕೆನಿಸಿತು. ಎಲ್ಲಾ ಕೈಗೆ ಬಂದಿತ್ತು, ಬಾಯಿಗೆ ಬರದ ಹಾಗೆ ಇವಳೇ ಮಾಡಿಕೊಂಡಳಲ್ಲ ಎಂದು ಸಂಕಟವಾಯಿತು. ಗುಮಾಸ್ತನೂ ಬರೆಯಬೇಕೋ ಬೇಡವೋ ಎಂದು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

"ಬರಿ," ಎಂದರು. "ಈ ಕೋಣೇಲಿ ತನ್ನ ವಿರುದ್ಧ ತಾನೇ ಬರೆಸಿದೋರನ್ನ ನಾನು ನೋಡಿಲ್ಲ. ಇದನ್ನ ಬರೆಸೋಳು ಉಳಿದದ್ದನ್ನೂ ನಿಜವೇ ಹೇಳಿರ್ತಾಳೆ."

ಸ್ಪ್ಯಾನರ್ ಎಸೆದದ್ದಕ್ಕೆ ಒಂದು ತಿಂಗಳು ತರಗತಿ ಮುಗಿದ ಮೇಲೆ ಉಗ್ರಾಣದ ಕೆಲಸ, ಸೀಟು ಹಾಗೇ ಇರಲಿ ಎಂದು ಮೂವರೂ ಸೇರಿ ತೀರ್ಮಾನಿಸಿದರು. ಹಳೆಯ ಹೇಳಿಕೆಗೆ ಅಡ್ಡಗೆರೆ ಬಿತ್ತು. ಸ್ವಿಚ್ ಒತ್ತಿದವನನ್ನು ನಾಳೆ ಹತ್ತು ಗಂಟೆಗೆ ಕರೆಸು ಎಂದು ಮೇಷ್ಟ್ರು ಗುಮಾಸ್ತನಿಗೆ ಹೇಳಿದರು. ಅವರ ದನಿಯಲ್ಲಿ ಸಿಟ್ಟಿತ್ತು. ಆ ಹುಡುಗನಿಗೆ ಏನು ಕಾದಿದೆಯೋ ಎಂದು ಯಾರಾದರೂ ಊಹಿಸಬಹುದಿತ್ತು.

ಹುಡುಗಿ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಸಾರ್, ಅವನು ಹೇಳೋದನ್ನ ಅವನಿಗೂ ಓದಿ ಹೇಳಿ," ಎಂದಳು. "ಇಲ್ಲಿ ನಿಂತ್ರೆ ತುಂಬಾ ಭಯ ಆಗುತ್ತೆ. ಭಯಕ್ಕೆ ಅವನೂ ಸುಮ್ನೆ ಸಹಿ ಹಾಕಿಬಿಡ್ತಾನೆ."

ಗುಮಾಸ್ತ ಪೆನ್ನು ತೆಗೆದುಕೊಂಡು, ನಾಳೆಯ ಹಾಳೆಯ ಮೇಲೆ 'ಓದಿ ಹೇಳಬೇಕು' ಎಂದು ತಾನಾಗಿಯೇ ಬರೆದುಕೊಂಡ.