ಪೀಕಿಂಗಿನ ಸುದ್ದಿ ನಾವುಂದಕ್ಕೆ ಬಂದ ದಿನ

ದುಗ್ಗಪ್ಪ ಶೆಟ್ಟರ ಹೋಟೆಲಿಗೆ ದಿನಕ್ಕೆ ಒಂದೇ ಪತ್ರಿಕೆ. ಕುಂದಾಪುರದ ಬಸ್ಸು ಒಂಬತ್ತೂವರೆಗೆ ನಾವುಂದಕ್ಕೆ ತರುತ್ತಿದ್ದ ಅದನ್ನು ಕಂಡಕ್ಟರನ ಕೈಯಿಂದ ಪಡೆದು ಮೊದಲು ಬಿಡಿಸುವ ಹಕ್ಕು ಹದಿನೈದು ವರ್ಷಗಳಿಂದ ಚಂದಯ್ಯ ಮಾಸ್ತರರದು. ೧೯೫೬ರಲ್ಲಿ ಸುಯೆಜ್ ಕಾಲುವೆಯ ಜಗಳವಾದಾಗ, ಅಮೆರಿಕ ತನ್ನದೇ ಮಿತ್ರರಾದ ಇಂಗ್ಲೆಂಡ್, ಫ್ರಾನ್ಸ್‌ಗಳನ್ನು ಏಕೆ ತಡೆಯಿತು ಎಂಬುದನ್ನು ಅವರು ಚಹಾದಲ್ಲಿ ಬೆರಳದ್ದಿ ಮೇಜಿನ ಮೇಲೆ ನಕ್ಷೆ ಬರೆದು ವಿವರಿಸಿದ್ದರು. ಅಂದಿನಿಂದ ಓದುವವರೂ ಅವರೇ, ಅರ್ಥ ಹೇಳುವವರೂ ಅವರೇ. ಕ್ಯೂಬಾ, ಕಾಂಗೋ, ವಿಯೆಟ್ನಾಂ ಎಲ್ಲವೂ ಆ ಮೇಜಿನ ಮೇಲೆ ಒದ್ದೆಯಾಗಿ ಒಣಗಿದ್ದವು.

೧೯೭೧ರ ಮೇ ತಿಂಗಳಲ್ಲಿ ರಾಜೀವ ಬೊಂಬಾಯಿಯಿಂದ ಊರಿಗೆ ಮರಳಿದ. ಮಾಟುಂಗದ ಹೋಟೆಲೊಂದರಲ್ಲಿ ಹನ್ನೊಂದು ವರ್ಷ ದುಡಿದವನು. ಜೊತೆಗೆ ಟ್ರಾನ್ಸಿಸ್ಟರ್ ತಂದಿದ್ದ. ಸಂಜೆಯ ವಾರ್ತೆಯ ಹೊತ್ತಿಗೆ ಅದನ್ನು ಹೋಟೆಲಿನ ಜಗಲಿಯ ಮೇಲೆ ಇಡುತ್ತಿದ್ದ. ಜೂನ್ ಮುಗಿಯುವಷ್ಟರಲ್ಲಿ ಬೆಳಿಗ್ಗೆ ಮಾಸ್ತರರ ಮುಂದೆ ಆರು ಮಂದಿ, ಸಂಜೆ ರಾಜೀವನ ಮುಂದೆ ಇಪ್ಪತ್ತೆರಡು. ಮಾಸ್ತರರು ರಸ್ತೆಯಾಚೆ ನಿಂತು ಎರಡು ಸಲ ಎಣಿಸಿದ್ದರು. ವಾರ್ತೆ ಆರಂಭವಾದೊಡನೆ ಕೊಡೆ ಬಿಡಿಸಿಕೊಂಡು ಮನೆಗೆ ಹೋಗುತ್ತಿದ್ದರು.

ಜುಲೈ ೧೭, ಶನಿವಾರ. ಬಸ್ಸು ಬರಲು ಇನ್ನೂ ಹತ್ತು ನಿಮಿಷವಿತ್ತು.

“ಮಾಷ್ಟ್ರೇ, ನಿಕ್ಸನ್ ಚೀನಾಕ್ ಹೋತ್ರಂಬ್ರ್,” ಎಂದ ತೆಂಗಿನಕಾಯಿ ಕೀಳುವ ಗುಡ್ಡ.

“ಯಾರ್ ಹೇಳದ್ದ್?”

“ರಾಜೀವನ ರೇಡಿಯೋ. ನಿನ್ನೆ ಸಂಜೆ.”

ಸುದ್ದಿಗಿಂತ ಆ ಹೆಸರು ಮಾಸ್ತರರನ್ನು ಹೆಚ್ಚು ಚುಚ್ಚಿತು.

“ಅದ್ ಆಪ್ದಲ್ಲ. ಅಮೆರಿಕ ಚೀನಾ ಎರಡೂ ಕೊರಿಯಾದೊಳಗ್ ಮೂರ್ ವರ್ಷ ಹೊಡ್ದಾಡ್ಕಂಡಿರ್. ವಿಶ್ವಸಂಸ್ಥೆ ಒಳಗ್ ಚೀನಾನ ಇಪ್ಪತ್ತ್ ವರ್ಷದಿಂದ ಬಿಡ್ಲಿಲ್ಲ. ಚೀನಾಕೆ ಬೇಲಿ ಹಾಕೂಕೇ ಅಲ್ದಾ ಅಮೆರಿಕದವ್ರ್ ವಿಯೆಟ್ನಾಮೊಳಗ್ ಕೂಕಂಡದ್ದ್?”

ಮೂಲೆಯಲ್ಲಿದ್ದ ರಾಜೀವ ನಕ್ಕ. “ಬೇಲಿ ಹಾಕ್ದವ್ರಿಗೆ ದಾಟೂಕೆ ತಡಮೆ ಇಡೂಕೂ ಬತ್ತ್, ಮಾಷ್ಟ್ರೇ.”

ಎಲ್ಲರೂ ನಕ್ಕರು. ಆ ಮಾತು ತಮಗೆ ಹೊಳೆಯಬೇಕಿತ್ತು ಎಂದು ಮಾಸ್ತರರಿಗೆ ಅನಿಸಿತು. ಅದೇ ಸಿಟ್ಟಿನಲ್ಲಿ ಹೇಳಿಬಿಟ್ಟರು: “ಅದ್ ಹೌದಾರೆ, ಇನ್ ಮೇಲೆ ಪೇಪರ್ ನೀನೇ ಓದ್.”

“ಅಕ್ಕ್. ಬಸ್ ಬರ್ಲಿ, ಕಾಂಬ,” ಎಂದರು ದುಗ್ಗಪ್ಪ ಶೆಟ್ಟರು.

ಬಸ್ಸು ಬಂತು. ಮಾಸ್ತರರು ಪತ್ರಿಕೆ ತೆಗೆದುಕೊಂಡು ಅಂಚೆ ಕಚೇರಿಯ ಸೂರಿನ ಕೆಳಗೆ ನಿಂತು ಬಿಡಿಸಿದರು. ಮುಖಪುಟದ ನಾಲ್ಕು ಕಾಲಂಗಳಲ್ಲಿ ಅದೇ ಸುದ್ದಿ. ಮುಂದಿನ ಮೇ ತಿಂಗಳೊಳಗೆ ಅಮೆರಿಕದ ಅಧ್ಯಕ್ಷ ನಿಕ್ಸನ್ನರಿಂದ ಚೀನಾದ ರಾಜಧಾನಿ ಪೀಕಿಂಗಿಗೆ ಭೇಟಿ. ಒಂದು ಸಾಲೂ ಬಿಡದೆ ಓದಿದರು. ಬಳಿಕ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಅಂಗಿಯೊಳಗೆ ಇಟ್ಟುಕೊಂಡರು.

“ಪೇಪರ್ ಬರ್ಲಿಲ್ಲ,” ಎಂದರು ಹೋಟೆಲಿಗೆ ಮರಳಿ.

“ಹೋದ್ವರ್ಷ ನೆರೆ ಬಂದಾಗ್ಳೂ ಬಂದಿತ್ತಲೆ,” ಎಂದರು ಶೆಟ್ಟರು.

ಗುಡ್ಡ ರಾಜೀವನತ್ತ ತಿರುಗಿದ. “ಅಲ್ಲ ಮಾರಾಯಾ, ಮಾತಾಡೂಕೆ ಮೊದ್ಲ್ ಯಾರೋ ಹೋಯಿರ್ ಅಂದ್ಯಲೆ. ಎಲ್ಲಿಂದ ಹೋದ್ದ್?”

“ಕಿಸ್ಸಿಂಜರ್, ನಿಕ್ಸನ್ನಿಗ್ ಸಲಹೆ ಕೊಡೂ ಜನ. ನಮ್ ದಿಲ್ಲಿಗೆ ಬಂದಿದ್ರಲೆ, ಅಲ್ಲಿಂದ ಸೀದಾ ಹಾಂಕಾಂಗ್, ಹಾಂಕಾಂಗಿಂದ ಪೀಕಿಂಗ್.” ರಾಜೀವ ಲೋಟದಲ್ಲಿ ಬೆರಳದ್ದಿ ಮೇಜಿನ ಮೇಲೆ ಗೆರೆ ಎಳೆಯತೊಡಗಿದ. ಆರು ತಲೆಗಳು ಬಗ್ಗಿದವು.

ಗೆರೆ ತಪ್ಪಾಗಿತ್ತು. ಆದರೂ ಎಲ್ಲರೂ ಅದನ್ನೇ ನೋಡುತ್ತಿದ್ದರು. ಮಾಸ್ತರರಿಗೆ ತಡೆಯಲಾಗಲಿಲ್ಲ.

“ತಪ್ಪ್. ದಿಲ್ಲಿಂದ ರಾವಲ್ಪಿಂಡಿಗೆ ಹೋದ್ದ್. ಅಲ್ಲಿ ಹೊಟ್ಟೆ ಸಮ ಇಲ್ಲ, ನಾಥಿಯಾಗಲಿ ಅಂಬ ಗುಡ್ಡಿ ಮೇಲೆ ಮಲ್ಕಂಡಿರ್ ಅಂದ್ಹೇಳಿ ಸುದ್ದಿ ಬಿಟ್ರ್. ಮಲ್ಕಂಡದ್ದಲ್ಲ, ವಿಮಾನ ಹತ್ತದ್ದ್. ಅಮೆರಿಕದ ಬಂದೂಕು ಪಾಕಿಸ್ತಾನಕ್ ಹೋಪ್ದ್ ನಿಲ್ಲದ್ದ್ ಎಂತಕೆ ಅಂದ್ರೆ ಇದಕೇ. ಬಾಗಿಲ್ ತೆಗ್ದ್ ಕೊಟ್ಟವ್ರನ್ನ ಯಾರ್ ಬೈತ್ರ್?”

ಆರು ತಲೆಗಳೂ ಅವರತ್ತ ತಿರುಗಿದವು. ಎರಡು ತಿಂಗಳಿಂದ ಅವರು ಕಾದಿದ್ದ ನೋಟ ಅದು. ರಾಜೀವನ ಬೆರಳು ಹಾಂಕಾಂಗಿನಲ್ಲೇ ನಿಂತಿತು.

ಆಗ ದುಗ್ಗಪ್ಪ ಶೆಟ್ಟರು ನಿಧಾನವಾಗಿ ಕೇಳಿದರು: “ಇದೆಲ್ಲ ನಿಮಗ್ ಎಲ್ಲಿ ಸಿಕ್ತ್, ಮಾಷ್ಟ್ರೇ? ರೇಡಿಯೋ ನೀವ್ ಕೇಂತಿಲ್ಲ. ಪೇಪರ್ ಬರ್ಲಿಲ್ಲ.”

ಮಾಸ್ತರರು ಅಂಗಿಯ ಗುಂಡಿ ಬಿಚ್ಚಿದರು. ಬೆವರಿಗೆ ಮೆತ್ತಗಾಗಿದ್ದ ಪತ್ರಿಕೆಯನ್ನು ತೆಗೆದು ರಾಜೀವನ ಮುಂದೆ ಇಟ್ಟರು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ರಾಜೀವ ಓದಿದ. ಸ್ಪಷ್ಟವಾದ ದನಿ. ಚೌ ಎನ್‌ಲಾಯ್ ಎಂಬ ಚೀನಾದ ಪ್ರಧಾನಿಯ ಹೆಸರಿನಲ್ಲಿ ತೊಡರಬಹುದು ಎಂದು ಮಾಸ್ತರರು ಕಾದರು. ಅವನು ತೊಡರಲಿಲ್ಲ. ಅರ್ಧಕ್ಕೆ ಬಂದಾಗ ಗುಡ್ಡ ತಡೆದ.

“ಹಂಗಾರೆ ಅಮೆರಿಕನ್ನೇ ನಂಬ್ಕಂಡಿಪ್ಪ ಆ ಫಾರ್ಮೋಸಾ ದ್ವೀಪದವ್ರ ಗತಿ ಎಂತ?”

ರಾಜೀವ ತಲೆಯೆತ್ತಿದ. “ಮಾಷ್ಟ್ರೇ, ನೀವ್ ಹೇಳಿ,” ಎಂದ. ದನಿಯಲ್ಲಿ ಕುಹಕವಿರಲಿಲ್ಲ.

ಮಾಸ್ತರರಿಗೆ ಗೊತ್ತಿತ್ತು. ೧೯೫೪ರ ಡಿಸೆಂಬರಿನಲ್ಲಿ ಅಮೆರಿಕ ಆ ದ್ವೀಪದ ಜೊತೆ ಮಾಡಿಕೊಂಡ ರಕ್ಷಣಾ ಒಪ್ಪಂದ, ವಿಶ್ವಸಂಸ್ಥೆಯಲ್ಲಿ ಚೀನಾದ ಹೆಸರಿನಲ್ಲಿ ಅದು ಹಿಡಿದುಕೊಂಡಿದ್ದ ಕುರ್ಚಿ, ಎಲ್ಲವೂ ತಾರೀಕಿನ ಸಮೇತ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಪೇಪರ್ ಬರಲಿಲ್ಲ ಎಂದ ಸುಳ್ಳನ್ನು ಜನ ಅರ್ಧ ಮರೆಯುತ್ತಿದ್ದರು. ಆದರೆ ಹೇಳಿದ್ದರೆ ರಾಜೀವನ ಓದನ್ನು ತಾವೇ ಪೂರ್ತಿ ಮಾಡಿಕೊಟ್ಟಂತಾಗುತ್ತಿತ್ತು.

“ಮುಂದೆ ಓದ್. ಕೆಳಗ್ ಬರ್ದಿರ್ತ್ರ್.”

ಕೆಳಗೆ ಬರೆದಿರಲಿಲ್ಲ, ಅದೂ ಮಾಸ್ತರರಿಗೆ ಗೊತ್ತಿತ್ತು. ರಾಜೀವ ಸಾಲಿನಿಂದ ಸಾಲಿಗೆ ಬೆರಳಿಟ್ಟು ಹುಡುಕುತ್ತಿದ್ದುದನ್ನು ಮಾಸ್ತರರು ಚಹಾ ತಣ್ಣಗಾಗುವವರೆಗೂ ನೋಡುತ್ತ ಕುಳಿತರು.