ಯಾರಿಗೂ ಕೊಡದ ನಂಬರು

ಚಂದ್ರವ್ವ ಮೂವತ್ತೆರಡು ವರ್ಷ ಗಂಡನ ಮಗ್ಗದ ಪಕ್ಕದಲ್ಲೇ ತನ್ನ ಮಗ್ಗ ಹೂಡಿಕೊಂಡು ಸೀರೆ ನೇಯ್ದಳು. ಒಂದು ದಿನವೂ ಅವನನ್ನು ಹೆಸರು ಹಿಡಿದು ಕರೆದವಳಲ್ಲ. "ಸುಮಾನ ಅಪ್ಪ" ಎಂದೇ ಅನ್ನುತ್ತಿದ್ದಳು. ಜ್ವರ ತಲೆಗೇರಿ ಇಳಕಲ್ಲಿನ ದವಾಖಾನೆಯಲ್ಲಿ ಮಲಗಿದ್ದ ಕಡೆಯ ಎರಡು ದಿನ ಮಾತ್ರ ಆಕೆಗೆ ಆ ಸಂಕೋಚ ಉಳಿಯಲಿಲ್ಲ. "ಅಂದಾನಪ್ಪಾ, ಎಲ್ಲಿ ಹೋದಿಯೋ? ಎಳಿ ಹರದೈತಿ, ಬಂದು ಕೂಡಸೋ. ಬಾರೋ ಅಂದಾನಪ್ಪಾ" ಎಂದು ಒಮ್ಮೆ ನಗುತ್ತ, ಮರುಗಳಿಗೆ ಅಳುತ್ತ ಕರೆದಳು. ಅಂದಾನಪ್ಪ ಅವಳ ಕೈ ಹಿಡಿದುಕೊಂಡೇ ಕೂತಿದ್ದ. ಮಗಳು ಸುಮಾ ತನ್ನ ಮೊಬೈಲಿನಲ್ಲಿ ಆ ದನಿಯನ್ನು ಎರಡು ನಿಮಿಷ ಹಿಡಿದಿಟ್ಟುಕೊಂಡಳು. ಯಾರಿಗೂ ಕೇಳಿಸಬೇಕೆಂದಲ್ಲ, ಇನ್ನು ತನಗೆ ಕೇಳಲು ಸಿಗುವುದಿಲ್ಲವೆಂದು.

ಅದು 2008ರ ಬೇಸಿಗೆ. ತಾಯಿ ಹೋಗಿ ತಿಂಗಳಾಗಿತ್ತು. ಹಳೆಯ ಫೋನು ಆಗಾಗ ಬಂದಾಗುತ್ತಿತ್ತು. ದನಿ ಅಳಿಸಿಹೋದೀತೆಂದು ಹೆದರಿ ಸುಮಾ ಅದನ್ನು ಸಿ.ಡಿ.ಗೆ ಹಾಕಿಸಲು ಇಳಕಲ್ಲಿನ ಬಜಾರದಲ್ಲಿದ್ದ ಪ್ರಭುವಿನ ಮೊಬೈಲ್ ಅಂಗಡಿಗೆ ಹೋದಳು. ಪ್ರಭು ಫೋನಿಗೆ ಕೇಬಲ್ ಚುಚ್ಚಿ ಕಂಪ್ಯೂಟರಿಗೆ ಜೋಡಿಸಿದ. ಫೋನಿನ ಪರದೆಯ ಮೇಲೆ ಏನೋ ಪ್ರಶ್ನೆ ಮೂಡಿತು.

"ಅದೇನ್ ಕೇಳಾಕತ್ತೈತ್ರಿ?" ಎಂದಳು ಸುಮಾ.

"ಕಂಪ್ಯೂಟರಿಗೆ ಒಳಗ ಬಿಡ್ಲೇನು ಅಂತ ಕೇಳ್ತೈತ್ರಿ ಅಕ್ಕಾರ. ಹೂಂ ಅನ್ನಬೇಕು, ಇಲ್ಲಾಂದ್ರ ಕೆಲಸ ಆಗೂದಿಲ್ಲ."

ಅವಳ ಉತ್ತರಕ್ಕೆ ಕಾಯದೆ ಅವನೇ ಗುಂಡಿ ಒತ್ತಿದ. ಹತ್ತು ನಿಮಿಷದಲ್ಲಿ ಸಿ.ಡಿ. ಕೈಗೆ ಬಂತು.

ಸುಮಾ ಕುಳಗೇರಿ ಕ್ರಾಸಿನ ಹತ್ತಿರದ ಶಾಲೆಯಲ್ಲಿ ಶಿಕ್ಷಕಿ. ಬಾದಾಮಿಯಲ್ಲಿ ರೂಮು ಮಾಡಿಕೊಂಡಿದ್ದಳು. ಒಂದು ಸಂಜೆ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರನೊಬ್ಬನ ಜೇಬಿನಿಂದ ಅವಳ ತಾಯಿ ಕರೆದಳು. "ಅಂದಾನಪ್ಪಾ, ಎಲ್ಲಿ ಹೋದಿಯೋ?" ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಡ್ರೈವರ ಬೇಕೆಂದೇ ಫೋನು ಎತ್ತದೆ ಇನ್ನಷ್ಟು ಹೊತ್ತು ಬಾರಿಸಿದ.

ಸುಮಾ ಅವನ ಹತ್ತಿರ ಹೋದಳು. "ಅಣ್ಣಾ, ಇದೆಲ್ಲಿ ಸಿಕ್ತು ನಿಮಗ?"

"ಇಳಕಲ್ಲದಾಗ, ಪ್ರಭುನ ಅಂಗಡ್ಯಾಗ ಹಾಕಿಸೇನಿ. ಹುಚ್ಚ ಮುದುಕಿ ಟೋನ್ ಅಂತ. ಭಾಳ ಮಂದಿ ಹಾಕಿಸ್ಕೊಂಡಾರ. ನಿಮಗೂ ಬೇಕೇನ್ರಿ?"

ಶನಿವಾರ ಊರಿಗೆ ಹೋದರೆ ಅಪ್ಪ ಮನೆಯಿಂದ ಹೊರಗೆ ಬೀಳುವುದನ್ನೇ ಬಿಟ್ಟಿದ್ದ. "ಹೋಟೆಲಿಗೆ ಹೋದ್ರ ನಿಮ್ಮವ್ವನ ದನಿ ಹಚ್ಚಿ ನನ್ನ ಕರೀತಾರವಾ," ಎಂದಷ್ಟೇ ಹೇಳಿ ಮಗ್ಗದ ಕಡೆ ತಿರುಗಿದ.

ಸುಮಾ ನೆಟ್ಟಗೆ ಅಂಗಡಿಗೆ ಹೋದಳು. ಪ್ರಭು ಕತ್ತೆತ್ತಿಯೂ ನೋಡಲಿಲ್ಲ. "ನಿಮ್ಮ ಫೋನಿಂದ ಹೆಂಗ ಹೋತೋ ನನಗೇನ್ ಗೊತ್ರಿ? ನಾನs ತಗೊಂಡೇನಿ ಅನ್ನಾಕ ಸಾಕ್ಷಿ ಏನೈತಿ?"

ಅವಳು ಜಗಳಾಡದೆ ಬಂದುಬಿಟ್ಟಳು. ಅವನು ಕೇಳಿದ ಸಾಕ್ಷಿಯನ್ನು ಅವನ ಬಾಯಿಂದಲೇ ಕಕ್ಕಿಸುತ್ತೇನೆ ಎಂಬುದು ಬಜಾರ ದಾಟುವಷ್ಟರಲ್ಲಿ ಗಟ್ಟಿಯಾಗಿತ್ತು.

ಬಾದಾಮಿಯಲ್ಲಿ ಹೊಸ ಸಿಮ್ ಕೊಂಡಳು. ಆ ನಂಬರನ್ನು ಯಾರಿಗೂ ಕೊಡಲಿಲ್ಲ. ತನ್ನ ಶಾಲೆಯ ಶಿಕ್ಷಕಿ ಚೇತನಾಳ ಫೋನಿನಲ್ಲಿ ಮಾತ್ರ 'ಮಲ್ಲಮ್ಮ, ಹಾಸ್ಟೆಲ್' ಎಂಬ ಹೆಸರಿನಲ್ಲಿ ಬರೆದಿಟ್ಟಳು. ಪ್ರಭುವಿಗೆ ಚೇತನಾಳ ಪರಿಚಯವಿರಲಿಲ್ಲ. ಅವಳು ಅವನ ಅಂಗಡಿಗೆ ಹೋಗಿ ಫೋನಿಗೆ ಹಾಡು ತುಂಬಿಸಿಕೊಂಡು ಬಂದಳು.

ಮೂರನೆಯ ದಿನ ಹೊಸ ಸಿಮ್ಮಿಗೆ ಕರೆ ಬಂತು. "ಮಲ್ಲಮ್ಮಾರ, ಊಟ ಆತೇನ್ರಿ?"

ಸುಮಾ ದನಿ ಬದಲಿಸಿ, ಐದು ದಿನ ಪ್ರಭುವಿನ ಜೊತೆ ನಗುನಗುತ್ತ ಮಾತಾಡಿದಳು. ಪ್ರತಿ ಸಲವೂ ಸ್ಪೀಕರ್ ಹಾಕಿ, ಚೇತನಾಳ ಫೋನಿನಲ್ಲಿ ಅವನ ಮಾತು ಹಿಡಿದುಕೊಂಡಳು. ಐದನೆಯ ದಿನ, "ನನ್ನ ನಂಬರ ಯಾರ್ ಕೊಟ್ರು, ಖರೆ ಹೇಳ್ರಿ" ಎಂದು ಮುನಿಸಿಕೊಂಡಂತೆ ಕೇಳಿದಳು.

ಪ್ರಭು ಉಬ್ಬಿಹೋದ. "ಯಾರರೆ ಯಾಕ ಕೊಡಬೇಕು? ನಿನ್ನ ಗೆಳತಿ ಹಾಡು ಹಾಕಸಾಕ ಬಂದಿದ್ಳಲ್ಲ! ಒಮ್ಮೆ ಕೇಬಲ್ ಹಚ್ಚಿದೆ ಅಂದ್ರ ಫೋನಿನ್ಯಾಗಿದ್ದದ್ದೆಲ್ಲಾ ನನ್ನ ಕಂಪ್ಯೂಟರಿಗೆ. ಊರಾಗಿನ ಅರ್ಧ ಹೆಣ್ಮಕ್ಕಳ ಫೋಟೋ ನನ್ನ ಕಡೆ ಅದಾವ. ಅವುಕ್ಕ ಗೊತ್ತs ಇಲ್ಲ."

ಸುಮಾ ಆ ಮಾತನ್ನು ನೇಕಾರರ ಓಣಿಯ ಒಂದೊಂದು ಮನೆಗೂ ಹೋಗಿ ಕೇಳಿಸಿದಳು. ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ನಲವತ್ತು ಹೆಂಗಸರು ನಿಂತಿದ್ದರು. ಓಣಿಯ ಹಿರಿಯ ಮುದಕಪ್ಪನೂ ಬಂದಿದ್ದ.

"ಅದು ನನ್ನ ದನೀನs ಅಲ್ಲ!" ಎಂದ ಪ್ರಭು.

ಮುದಕಪ್ಪ ಟೇಬಲ್ಲಿನ ಮೇಲಿದ್ದ ಪ್ರಭುವಿನ ಫೋನು ಎತ್ತಿ ಸುಮಾಳ ಕೈಗಿಟ್ಟ. ಅವಳು ಅದರಲ್ಲಿ ಮಲ್ಲಮ್ಮನ ಹೆಸರು ಹುಡುಕಿ ಕರೆ ಮಾಡಿದಳು. ಅವಳ ಇನ್ನೊಂದು ಕೈಯಲ್ಲಿದ್ದ ಫೋನು ರಿಂಗಣಿಸಿತು.

"ಮಲ್ಲಮ್ಮ ಅನ್ನಾಕಿ ಎಲ್ಲೂ ಇಲ್ಲ," ಎಂದಳು. "ಈ ನಂಬರ ಒಂದs ಫೋನಿನ್ಯಾಗ ಇತ್ತು. ಆ ಫೋನು ನಿನ್ನ ಕೇಬಲಿಗೆ ಹತ್ತಿತ್ತು. ಇದು ಸಾಕೇನು ಸಾಕ್ಷಿ?"

ಕಂಪ್ಯೂಟರ್ ತೆರೆಸಿದರು. ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಫೋಲ್ಡರು. ಬಾಣಂತನದ ಫೋಟೋಗಳು, ಗಂಡನಿಗೆ ಬರೆದ ಮೆಸೇಜುಗಳು, ಎಲ್ಲವೂ ಇದ್ದವು. ಮೊದಲ ಚಪ್ಪಲಿ ಯಾರದೋ ಗೊತ್ತಾಗಲಿಲ್ಲ. ಪೊಲೀಸರು ಬಂದು ಅವನನ್ನು ಬಿಡಿಸಿಕೊಂಡೇ ಒಯ್ಯಬೇಕಾಯಿತು. ಹನ್ನೆರಡು ದಿನದ ಮೇಲೆ ಜಾಮೀನು ಸಿಕ್ಕಿತು.

ಉಳಿದವರಿಗೆ ಅಲ್ಲಿಗೆ ಮುಗಿಯಿತು. ಸುಮಾಳಿಗೆ ಮುಗಿಯಲಿಲ್ಲ. ಪ್ರಭುವಿನ ಜಂಬದ ಮಾತನ್ನು ಕತ್ತರಿಸಿ ಟೋನ್ ಮಾಡಿ, ಕೇಳಿದವರಿಗೆ, ಕೇಳದವರಿಗೆ ಬ್ಲೂಟೂತಿನಲ್ಲಿ ಹಂಚಿದಳು. ತಿಂಗಳೊಳಗೆ ಹುನಗುಂದದಿಂದ ಬಾಗಲಕೋಟೆವರೆಗೆ ಬಸ್ಸುಗಳಲ್ಲಿ ಅವನ ದನಿ ಕೇಳಿಸತೊಡಗಿತು. ಅಂಗಡಿಗೆ ಗಿರಾಕಿಗಳು ಬರಲಿಲ್ಲ. ಹೆಂಡತಿ ತವರಿಗೆ ಹೋದಳು.

ಒಂದು ಮಧ್ಯಾಹ್ನ ಪ್ರಭುವಿನ ತಂದೆ ಯಂಕಪ್ಪ ಶಾಲೆಯವರೆಗೆ ಬಂದು ಬಾಗಿಲಲ್ಲಿ ನಿಂತು ಕೈ ಮುಗಿದ. "ತಪ್ಪು ಮಾಡ್ಯಾನವಾ. ಓಣ್ಯಾಗ ತಲಿ ಎತ್ತಾಕ ಆಗವಲ್ದು. ಅದನ್ನೊಂದು ನಿಲ್ಲಸು ತಾಯಿ."

"ಕೈ ಇಳಸ್ರಿ ಯಜಮಾನ್ರ," ಎಂದಳು ಸುಮಾ. "ನಿಲ್ಲಸಾಕ ನನಗ ಬರೂದಿಲ್ಲ. ನಮ್ಮವ್ವಂದ್ ನಿಲ್ಲಸಾಕ ನಿಮ್ಮ ಮಗಗೂ ಬರಲಿಲ್ಲ."

ಮುದುಕ ಬಿಸಿಲಿನಲ್ಲಿ ನಿಧಾನವಾಗಿ ಕ್ರಾಸಿನ ಕಡೆ ನಡೆದ. ಸುಮಾ ಒಳಗೆ ಹೋಗಿ ಪಾಠ ಮುಂದುವರಿಸಿದಳು. ಮನಸ್ಸಿನಲ್ಲಿ ತಪ್ಪು ಮಾಡಿದೆನೆಂಬ ಹಳಹಳಿ ಹುಟ್ಟೀತೇನೋ ಎಂದು ಸಂಜೆಯವರೆಗೂ ಕಾದಳು. ಹುಟ್ಟಲಿಲ್ಲ.